ಬೋಲ್ಟು ಬಂತು, ಬಿಗಿ ಉಳಿಯಿತು

ಗೆಜ್ಜಲಗೆರೆ ಎಂಬ ಹೆಸರಿನ ಕೊನೆಯಲ್ಲಿ ಒಂದು ಕೆರೆ ಇದೆ. ‘ಕೆರೆ’ ಸಮಾಸದೊಳಗೆ ಸೇರಿದಾಗ ‘ಗೆರೆ’ ಆಗುವುದನ್ನು ನಾವೆಲ್ಲ ಹೈಸ್ಕೂಲಿನಲ್ಲಿ ಆದೇಶ ಸಂಧಿ ಎಂದು ಬಾಯಿಪಾಠ ಮಾಡಿದವರೇ. ಮದ್ದೂರಿನಿಂದ ಮಂಡ್ಯದ ಕಡೆಗೆ ಹಳೆಯ ಹೆದ್ದಾರಿಯಲ್ಲಿ ಹೋಗುವವರಿಗೆ ಇದು ಹಾಲಿನ ಡೇರಿಯ ಊರು. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯನ್ನು ಪ್ರಧಾನಿ ಇಲ್ಲಿಯೇ ಉದ್ಘಾಟಿಸಿದ್ದರಿಂದ ಟಿವಿ ನೋಡುವವರಿಗೂ ಹೆಸರು ಪರಿಚಿತ. ನನಗೆ ಮಾತ್ರ ಈ ಹೆಸರು ಒಂದು ಕ್ರಿಯಾಪದವನ್ನು ನೆನಪಿಸುತ್ತದೆ. ಕನ್ನಡದಲ್ಲಿ ಬಾವಿ ತೋಡುತ್ತಾರೆ, ಕಾಲುವೆ ತೆಗೆಯುತ್ತಾರೆ, ಕೆರೆಯನ್ನು ಮಾತ್ರ ಕಟ್ಟುತ್ತಾರೆ. ದನ ಕಟ್ಟಿದ ಹಾಗೆ, ಹೊರೆ ಕಟ್ಟಿದ ಹಾಗೆ, ಹರಿಯುವ ನೀರನ್ನು ಏರಿ ಹಾಕಿ ಒಂದು ಕಡೆ ಕಟ್ಟುವುದು. ಶಾಸನಗಳಲ್ಲಿ ಕೆರೆ ಕಟ್ಟಿಸಿದವರ ಹೆಸರುಗಳು ಸಾಲುಸಾಲಾಗಿ ಸಿಗುತ್ತವೆ. ಕ್ರಿಯಾಪದ ಸಾವಿರ ವರ್ಷಗಳಿಂದ ಅದೇ.

ಈ ‘ಕಟ್ಟು’ವಿನ ವಿಷಯಕ್ಕೆ ನಾನು ಬಂದದ್ದು ಇಂಗ್ಲಿಷಿನ ದಾರಿಯಿಂದ. ನನ್ನ ಸಂಶೋಧನೆ ಕೆಲಸದ ಜಾಗಗಳಲ್ಲಿ ಬಳಕೆಯಾಗುವ ಕನ್ನಡದ ಕುರಿತಾದದ್ದು: ಕಮ್ಮಾರಸಾಲೆ, ಆಲೆಮನೆ, ಗ್ಯಾರೇಜು, ಹೊಲಿಗೆ ಅಂಗಡಿ. ಸೆಮಿನಾರುಗಳಲ್ಲಿ ಈ ವಿಷಯ ಎತ್ತಿದಾಗೆಲ್ಲ ಒಂದು ಮಾತು ಎದುರಾಗುತ್ತದೆ. ಇಂಗ್ಲಿಷಿನಲ್ಲಿ ಫಾಸನ್, ಕ್ಲ್ಯಾಂಪ್, ಕ್ಲಾಸ್ಪ್, ಕ್ಲಿಂಚ್, ಗ್ರಿಪ್, ಗ್ರಾಸ್ಪ್, ಬಕಲ್, ರಿವೆಟ್, ಟ್ಯಾಕ್ ಎಂದು ಒಂದೊಂದು ಹಿಡಿತಕ್ಕೂ ಒಂದೊಂದು ಕ್ರಿಯಾಪದ ಇದೆಯಲ್ಲ, ಕನ್ನಡದಲ್ಲಿ ಏನಿದೆ? ಕಟ್ಟು, ಬಿಗಿ, ಹಿಡಿ; ಅಲ್ಲಿಗೆ ಮುಗಿಯಿತಲ್ಲವೆ? ಕೇಳುವವರು ಕನ್ನಡ ದ್ವೇಷಿಗಳಲ್ಲ. ಹೆಚ್ಚಿನವರು ನನ್ನ ಹಾಗೆ ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ, ಕಾಲೇಜಿನಲ್ಲಿ ಇಂಗ್ಲಿಷ್ ನಿಘಂಟಿನ ಮುಂದೆ ಬೆವತವರು. ತಾಯಿಭಾಷೆ ಬಡವಾಯಿತೇನೋ ಎಂಬ ಸಂಕಟ ಆ ಪ್ರಶ್ನೆಯಲ್ಲಿದೆ. ಅದಕ್ಕೆ ಅಭಿಮಾನದ ಉತ್ತರ ಸಾಲದು, ಚರಿತ್ರೆಯ ಉತ್ತರ ಬೇಕು.

ಮೊದಲು ಆ ಇಂಗ್ಲಿಷ್ ಪದಗಳನ್ನೇ ಬಿಚ್ಚಿ ನೋಡೋಣ. ಅವು ಹುಟ್ಟಿನಿಂದ ಯಂತ್ರಶಾಲೆಯ ಪದಗಳಲ್ಲ. ‘ಬೋಲ್ಟ್’ ಎಂದರೆ ಹಳೆಯ ಇಂಗ್ಲಿಷಿನಲ್ಲಿ ಬಾಣ, ಮೊಂಡು ತುದಿಯ ಗಿಡ್ಡ ಬಾಣ. ‘ಬಕಲ್’ ಲ್ಯಾಟಿನ್ನಿನ ಕೆನ್ನೆಯಿಂದ ಬಂದದ್ದು. ಶಿರಸ್ತ್ರಾಣದ ಕೆನ್ನೆಪಟ್ಟಿಯ ಹೆಸರು ಬೆಲ್ಟಿನ ಕೊಂಡಿಗೆ ಇಳಿಯಿತು. ‘ಬಟನ್’ ಫ್ರೆಂಚಿನಲ್ಲಿ ಮೊಗ್ಗೂ ಹೌದು. ‘ಹೋಲ್ಡ್’ ಎಂಬುದರ ಮೂಲಾರ್ಥ ದನ ಕಾಯುವುದು, ಮಂದೆಯನ್ನು ಚದುರದಂತೆ ನೋಡಿಕೊಳ್ಳುವುದು ಎಂದು ನಿರುಕ್ತಕಾರರು ಊಹಿಸುತ್ತಾರೆ. ಹಿಡಿತ ಎನ್ನುವುದು ಅಲ್ಲೂ ದನಗಾಹಿಯ ಕೈಯಿಂದ ಶುರುವಾಗಿದೆ ಎಂದು ಓದಿದಾಗ ನನಗೆ ಒಳಗೊಳಗೇ ಖುಷಿಯಾಗಿತ್ತು. ‘ಫಾಸನ್’ ಇನ್ನೂ ಸ್ವಾರಸ್ಯದ್ದು. ಅದರೊಳಗಿನ ‘ಫಾಸ್ಟ್’ ಎಂದರೆ ವೇಗವಲ್ಲ, ಗಟ್ಟಿ, ಅಲುಗದ್ದು. ಉಪವಾಸಕ್ಕೆ ಇಂಗ್ಲಿಷಿನಲ್ಲಿ ‘ಫಾಸ್ಟ್’ ಎನ್ನುವುದೂ ಇದೇ ಪದದಿಂದ: ನಿಯಮವನ್ನು ಗಟ್ಟಿಯಾಗಿ ಹಿಡಿದು ನಿಲ್ಲುವುದು. ನಮ್ಮ ಅಜ್ಜಿಯರು ಸಕ್ಕರೆ ಕಾಯಿಲೆಯವರಿಗೆ ‘ಬಾಯಿ ಕಟ್ಟಬೇಕು’ ಎನ್ನುವುದಿಲ್ಲವೆ? ಒಂದಕ್ಕೊಂದು ನೆಂಟಲ್ಲದ ಎರಡು ಭಾಷೆಗಳು ಊಟ ಬಿಡುವುದನ್ನು ಕಟ್ಟುವ ಕೆಲಸವೆಂದೇ ಕಂಡಿವೆ.

ಸಾಲ ಎರಡೂ ಕಡೆಗೆ ಹರಿದಿದೆ. ಇಂಗ್ಲಿಷಿನ ‘ಕ್ಯಾಟಮರಾನ್’ ತಮಿಳಿನ ಕಟ್ಟುಮರ. ಮರದ ದಿಮ್ಮಿಗಳನ್ನು ಒಟ್ಟಿಗೆ ಕಟ್ಟಿದ ತೆಪ್ಪ. 17ನೆಯ ಶತಮಾನದ ಕೊನೆಯ ಹೊತ್ತಿಗೆ ಅದು ಇಂಗ್ಲಿಷ್ ಬರಹದಲ್ಲಿದೆ. ಅದರೊಳಗಿನ ‘ಕಟ್ಟು’ ನಮ್ಮ ‘ಕಟ್ಟು’ವೇ. ಇವತ್ತು ಫೈಬರ್‌ಗ್ಲಾಸಿನಲ್ಲಿ ಎರಕ ಹೊಯ್ದ ಓಟದ ದೋಣಿಗೂ ಅದೇ ಹೆಸರು, ಅದರಲ್ಲಿ ಕಟ್ಟಿದ ಹಗ್ಗ ಒಂದೂ ಇಲ್ಲದಿದ್ದರೂ.

ಇನ್ನು ಸಂಸ್ಕೃತದ ‘ಬಂಧ’. ಇಂಗ್ಲಿಷಿನ ‘ಬೈಂಡ್’, ಸಂಸ್ಕೃತದ ‘ಬಂಧ್’, ಪರ್ಷಿಯನ್ನಿನ ‘ಬಂದ್’ ಮೂರೂ ಒಂದೇ ಇಂಡೋ–ಯುರೋಪಿಯನ್ ಬೇರಿನವು. ಈ ಒಂದೇ ಬೇರು ನಮ್ಮ ಸೀಮೆಗೆ ಮೂರು ಸಲ, ಮೂರು ಬೇರೆ ಬೇರೆ ಅಧಿಕಾರಗಳ ಜೊತೆ ಬಂದಿದೆ. ಮೊದಲು ಸಂಸ್ಕೃತದಿಂದ ಬಂಧಿಸು, ಸಂಬಂಧ, ನಿರ್ಬಂಧ, ಪ್ರಬಂಧ ಬಂದವು. (ನಾನು ಬರೆಯುತ್ತಿರುವುದಕ್ಕೆ ಮಹಾಪ್ರಬಂಧ ಎಂದು ಹೆಸರು. ಚೆನ್ನಾಗಿ ಕಟ್ಟಿದ್ದು ಎಂದರ್ಥ. ನನ್ನ ಮಾರ್ಗದರ್ಶಕರಿಗೆ ಈ ಬಗ್ಗೆ ಬೇರೆ ಅಭಿಪ್ರಾಯವಿದೆ.) ಆಮೇಲೆ ಪರ್ಷಿಯನ್, ಹಿಂದೂಸ್ತಾನಿಗಳ ಮೂಲಕ ಬಂದೋಬಸ್ತು, ಜಮಾಬಂದಿ, ಬಂದೀಖಾನೆ. ಶ್ರೀರಂಗಪಟ್ಟಣ ರಾಜಧಾನಿಯಾಗಿದ್ದ ಹೈದರ್–ಟಿಪ್ಪು ಕಾಲದ ಕಚೇರಿಗಳಲ್ಲಿ ಪರ್ಷಿಯನ್ ಓಡಾಡುತ್ತಿತ್ತು. ಆ ಪದಗಳು ಕಂದಾಯದ ಕಾಗದಗಳಲ್ಲಿ ಬ್ರಿಟಿಷರ ಕಾಲಕ್ಕೂ ದಾಟಿದವು. ಮೂರನೆಯದು ಇಂಗ್ಲಿಷಿನದು: ಪುಸ್ತಕಕ್ಕೆ ಬೈಂಡು, ಸಾಲಕ್ಕೆ ಬಾಂಡು, ಕೆರೆ ಏರಿಗೆ ಬಂಡು. ಈ ಕೊನೆಯ ‘ಬಂಡ್’ ತಮಾಷೆಯದು. ಇಂಗ್ಲಿಷರು ಹಿಂದೂಸ್ತಾನಿಯ ‘ಬಂದ್’ ಅನ್ನು ಎರವಲು ಪಡೆದು, ಇಂಜಿನಿಯರಿಂಗ್ ಪದ ಮಾಡಿ, ನಮಗೇ ಹಿಂದಿರುಗಿಸಿದರು. ಹೀಗಾಗಿ ಕೆರೆ ಏರಿ ಇದ್ದ ಊರಿನಲ್ಲೇ ಟ್ಯಾಂಕ್ ಬಂಡ್ ರಸ್ತೆ ಹುಟ್ಟಿತು. 2016ರ ಸೆಪ್ಟೆಂಬರಿನಲ್ಲಿ ಕಾವೇರಿ ನೀರಿಗಾಗಿ ಕರ್ನಾಟಕ ಬಂದ್ ಆದಾಗ ಮಂಡ್ಯ ಜಿಲ್ಲೆಯ ರಸ್ತೆಗಳನ್ನು ನಿಲ್ಲಿಸಿದ್ದು ಇದೇ ಬೇರಿನ ಮತ್ತೊಂದು ಚಿಗುರು. ನೀರು ಕಟ್ಟುವ ಪದ ಒಂದು, ನೀರಿಗಾಗಿ ದಾರಿ ಕಟ್ಟುವ ಪದ ಇನ್ನೊಂದು.

ಇವುಗಳಲ್ಲಿ ಕನ್ನಡದ ಕ್ರಿಯಾಪದವಾಗಿ ಮನೆಯೊಳಗೆ ಬಂದವು ಯಾವುವು, ಜಗಲಿಯಲ್ಲೇ ಉಳಿದವು ಯಾವುವು ಎಂದು ನೋಡಿದರೆ ನನ್ನ ವಾದದ ಎಳೆ ಸಿಗುತ್ತದೆ. ಸಂಸ್ಕೃತದ ಧಾತುವಿಗೆ ಕನ್ನಡ ‘ಇಸು’ ಹಚ್ಚುತ್ತದೆ: ಬಂಧಿಸು, ಗ್ರಹಿಸು, ಧರಿಸು, ಸಂಯೋಜಿಸು. ಅಲ್ಲಿಂದ ಮುಂದೆ ಅದು ಕನ್ನಡದ ಕ್ರಿಯಾಪದವೇ. ಬಂಧಿಸಿದನು, ಬಂಧಿಸಲಿ, ಬಂಧಿಸದೆ ಎಂದು ಎಲ್ಲ ರೂಪಗಳಲ್ಲೂ ಓಡಾಡುತ್ತದೆ. ಇಂಗ್ಲಿಷಿಗೆ ಆ ಉಪಚಾರ ಸಿಗಲಿಲ್ಲ. ‘ಟೈಟಿಸು’, ‘ಕ್ಲ್ಯಾಂಪಿಸು’ ಎಂದು ತಮಾಷೆಗಲ್ಲದೆ ಯಾರೂ ಹೇಳುವುದಿಲ್ಲ. ಟೈಟ್ ಮಾಡು, ಲಾಕ್ ಮಾಡು, ಪಿನ್ ಹೊಡಿ, ಹುಕ್ ಹಾಕು, ಜಿಪ್ ಎಳಿ, ವೆಲ್ಡಿಂಗ್ ಹೊಡಿಸು. ಪದ ಬಂದದ್ದು ಹೆಸರಾಗಿ, ಬಾಲಕ್ಕೊಂದು ಉಕಾರ ಸೇರಿಸಿಕೊಂಡು: ಬೋಲ್ಟು, ನಟ್ಟು, ಕ್ಲಿಪ್ಪು, ಹುಕ್ಕು. ಕೈಯ ಕೆಲಸ ಹೇಳುವ ಜವಾಬ್ದಾರಿ ಮಾಡು, ಹಾಕು, ಹೊಡೆ, ಎಳೆ ಎಂಬ ಹಳೆಯ ಆಳುಗಳದ್ದೇ. 13ನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಧಾತುಗಳಿಗೆಂದೇ ಒಂದು ಪ್ರಕರಣ ಇಟ್ಟಿದ್ದಾನೆ. ಅವನ ಕಾಲಕ್ಕೂ ನಮ್ಮ ಕಾಲಕ್ಕೂ ನಡುವೆ ವಸ್ತುಗಳ ಲೋಕ ಗುರುತು ಸಿಗದಷ್ಟು ಬದಲಾಗಿದೆ. ಧಾತುಗಳ ಲೋಕ ಅಷ್ಟು ಬದಲಾಗಿಲ್ಲ.

ವಸ್ತುಗಳು ಬಂದ ದಾರಿಯನ್ನು ನಮ್ಮ ಜಿಲ್ಲೆಯಲ್ಲಿ ಸುಲಭವಾಗಿ ಗುರುತಿಸಬಹುದು. ಮೊದಲು ಬಂದವರು ಇಂಗ್ಲಿಷರೂ ಅಲ್ಲ. ಅಂಗಿಯ ಗುಂಡಿ ತೂರುವ ‘ಕಾಜಾ’ ಪೋರ್ಚುಗೀಸರ ‘ಕಾಸಾ’, ಅಂದರೆ ಮನೆ, ಗುಂಡಿಗೊಂದು ಮನೆ. ‘ಚಾವಿ’ಯೂ ಅವರದೇ. ಹಳೇ ಮೈಸೂರಿನವರು ಮಾತ್ರ ಇವತ್ತಿಗೂ ‘ಬೀಗದ ಕೈ’ ಎನ್ನುತ್ತೇವೆ. ‘ಬೀಗ’ ಎಂದರೆ ಬಿಗಿಯಾದದ್ದು, ಅದನ್ನು ಸಡಿಲಿಸುವ ಕೈ ಬೀಗದ ಕೈ. ಇಷ್ಟು ಚೆಂದದ ಪದ ಇರುವಾಗ ಚಾವಿ ಏಕೆ ಬೇಕು ಎಂದು ನನಗೆ ಅನ್ನಿಸುತ್ತದೆ. (‘ಬೀಗರು’ ಎಂಬುದನ್ನೂ ಇದೇ ಸಾಲಿಗೆ ಸೇರಿಸುವ ಆಸೆಯಿದೆ. ಆದರೆ ಮಂಡ್ಯದ ಬೀಗರೂಟದ ರುಚಿಯೊಂದನ್ನೇ ನಿರುಕ್ತದ ಸಾಕ್ಷಿಯಾಗಿ ಒಪ್ಪಿಸಲಾಗದು.)

ಬೋಲ್ಟು–ನಟ್ಟುಗಳ ಕಾಲ ಶುರುವಾಗುವುದು ರೈಲಿನೊಂದಿಗೆ. ಬೆಂಗಳೂರು–ಮೈಸೂರು ಮೀಟರ್‌ಗೇಜ್ ದಾರಿ 1880ರ ದಶಕದ ಆರಂಭದಲ್ಲಿ ಮದ್ದೂರು, ಮಂಡ್ಯಗಳ ಮೇಲೆ ಹಾದುಹೋಯಿತು. 1902ರಲ್ಲಿ ಮಳವಳ್ಳಿ ತಾಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. 1911ರಲ್ಲಿ ಕನ್ನಂಬಾಡಿಯ ಕೆಲಸ ಶುರುವಾಗಿ ಎರಡು ದಶಕ ನಡೆಯಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಎದ್ದಿತು. ಸ್ಪ್ಯಾನರು, ಫಿಟ್ಟರು, ವಾಷರು, ಕ್ಲ್ಯಾಂಪು, ಕಪ್ಲಿಂಗು ಇವೆಲ್ಲ ಶಾಲೆಯ ಇಂಗ್ಲಿಷ್ ಪಾಠದಿಂದ ಬಂದ ಪದಗಳಲ್ಲ. ಕೂಲಿಗೆ ಹೋದವರು, ಮಿಲ್ಲಿನ ಮನೆ ಸೇರಿದವರು ಕಿವಿಯಿಂದ ಕಿವಿಗೆ ತಂದವು. ರಿವೆಟ್ಟು ‘ರಿಬೀಟು’ ಆದದ್ದು ಆ ಕಿವಿಗಳಲ್ಲೇ. ಅಷ್ಟೆಲ್ಲ ಆದರೂ ಜನ ಅಣೆಕಟ್ಟಿಗೆ ಕೊಟ್ಟ ಹೆಸರು ಗಮನಿಸಿ. ಸರ್ಕಾರಿ ಹೆಸರು ಕೃಷ್ಣರಾಜಸಾಗರ. ನಮ್ಮ ಹಿರಿಯರ ಬಾಯಲ್ಲಿ ಅದು ಕನ್ನಂಬಾಡಿ ಕಟ್ಟೆ. ಸಿಮೆಂಟಿಲ್ಲದೆ ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆಯಿಂದ ಕಲ್ಲು ಬೆಸೆದ ಆ ಗೋಡೆಯ ನೀರಿನ ಮಟ್ಟ 124.80 ಅಡಿ ಮುಟ್ಟಿತೇ ಎಂದು ಮಳೆಗಾಲದಲ್ಲಿ ಪತ್ರಿಕೆಯ ಮೂಲೆ ನೋಡುವ ರೈತನಿಗೆ ಅದು ದೊಡ್ಡದೊಂದು ಕಟ್ಟೆ, ಅಷ್ಟೆ. ಊರ ಮುಂದಿನ ಅರಳೀಕಟ್ಟೆಯ ಅಣ್ಣ.

ಹಾಗಾದರೆ ಬಡತನದ ಭಾವನೆ ಎಲ್ಲಿಂದ ಬಂತು? ನಿಘಂಟುಗಳಿಂದ ಎಂಬುದು ನನ್ನ ಉತ್ತರ. ಬಳ್ಳಾರಿಯ ಲಂಡನ್ ಮಿಷನ್ನಿನ ವಿಲಿಯಂ ರೀವ್ ಅವರ ಇಂಗ್ಲಿಷ್–ಕನ್ನಡ ಕೋಶ 1824ರಲ್ಲಿ ಮದ್ರಾಸಿನಲ್ಲಿ ಅಚ್ಚಾಯಿತು, ಕನ್ನಡ–ಇಂಗ್ಲಿಷ್ ಕೋಶ 1832ರಲ್ಲಿ. 1894ರಲ್ಲಿ ಕಿಟ್ಟೆಲ್ ಅವರ ಮಹಾಕೋಶ ಮಂಗಳೂರಿನಲ್ಲಿ ಬಂತು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು 1946ರದು. ಇವುಗಳ ಮುಂದೆ ಕೈಮುಗಿಯದೆ ನನ್ನಂಥವರಿಗೆ ಒಂದು ಹೆಜ್ಜೆ ಇಡಲಾಗದು. ಆದರೆ ದಿಕ್ಕು ಮುಖ್ಯ. ಕನ್ನಡದಿಂದ ಹೊರಟ ಕಿಟ್ಟೆಲ್ ಕೋಶದಲ್ಲಿ ‘ಕಟ್ಟು’ ಎಂಬುದರ ಸುತ್ತ ಒಂದು ಊರೇ ಇದೆ. ಇಂಗ್ಲಿಷಿನಿಂದ ಹೊರಟು ಕನ್ನಡಕ್ಕೆ ಬರುವ ಶಾಲಾ ನಿಘಂಟುಗಳಲ್ಲಿ, ಇಂಗ್ಲಿಷಿನ ಹತ್ತು ಕ್ರಿಯಾಪದಗಳ ಎದುರು ಬಿಗಿ, ಕಟ್ಟು, ಹಿಡಿ, ಭದ್ರಪಡಿಸು ಎಂಬ ನಾಲ್ಕೇ ಪದಗಳು ಸರದಿಯ ಮೇಲೆ ಬಂದು ನಿಲ್ಲುತ್ತವೆ. ಒಂದು ಭಾಷೆ ಕಪಾಟಿನಲ್ಲಿ ಮಾಡಿಕೊಂಡ ಖಾನೆಗಳಿಗೆ ಇನ್ನೊಂದರ ಬಟ್ಟೆ ತುಂಬಿದರೆ ಹೀಗೇ ಆಗುವುದು. ನಮ್ಮ ಬಟ್ಟೆ ಕಡಿಮೆ ಇತ್ತೆಂದಲ್ಲ, ನಮ್ಮ ಖಾನೆಗಳು ಬೇರೆ ಕಡೆ ಇದ್ದವು.

ಎಲ್ಲಿದ್ದವು? ಬಹುಮಟ್ಟಿಗೆ ನಾಮಪದಗಳಲ್ಲಿ. ಎತ್ತಿನ ಗಾಡಿಯನ್ನೇ ತೆಗೆದುಕೊಳ್ಳಿ. ಅಚ್ಚಿನ ತುದಿಯಿಂದ ಚಕ್ರ ಕಳಚದಂತೆ ತಡೆಯುವುದು ಕಡಾಣಿ. ನೊಗವನ್ನು ಮೂಕಿಗೆ ಬಿಗಿಯುವ ಹಗ್ಗ ಮಿಣಿ. ಎತ್ತಿನ ಕೊರಳನ್ನು ನೊಗಕ್ಕೆ ಸೇರಿಸುವುದು ಜೊತ್ತಿಗೆ. ಕೊಟ್ಟಿಗೆಯಲ್ಲಿ ಗೂಟಕ್ಕೆ ಕಟ್ಟುವುದು ಕಣ್ಣಿ. ಚಕ್ರದ ಸುತ್ತಲಿನ ಕಬ್ಬಿಣದ ಪಟ್ಟಿ ಹಳಿ. ಹಳಿ ಕಟ್ಟುವುದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಚಕ್ರಕ್ಕಿಂತ ತುಸು ಚಿಕ್ಕದಾದ ಕಬ್ಬಿಣದ ಬಳೆಯನ್ನು ಬೆರಣಿಯ ಬೆಂಕಿಯಲ್ಲಿ ಕೆಂಪಾಗುವವರೆಗೆ ಕಾಯಿಸುತ್ತಾರೆ. ಕಾದು ಹಿಗ್ಗಿದ ಬಳೆಯನ್ನು ಇಕ್ಕಳದಿಂದ ಎತ್ತಿ ಚಕ್ರದ ಮೇಲೆ ಕೂರಿಸಿ ಬಡಿದು, ಮರ ಸುಡುವ ಮುನ್ನ ನೀರು ಸುರಿಯುತ್ತಾರೆ. ಕಬ್ಬಿಣ ಕುಗ್ಗಿ ಮರವನ್ನು ಕಚ್ಚಿಕೊಳ್ಳುತ್ತದೆ. ಚಕ್ರದ ಕೀಲುಗಳೆಲ್ಲ ಒಮ್ಮೆಗೇ ಕಿರುಗುಟ್ಟಿ ಒಳಕ್ಕೆ ಬಿಗಿಯುತ್ತವೆ. ಒಂದು ಮೊಳೆಯಿಲ್ಲ, ಒಂದು ಗಂಟಿಲ್ಲ. ಆದರೂ ಕ್ರಿಯಾಪದ ‘ಕಟ್ಟು’ವೇ. ಇದಕ್ಕೆ ಇಂಗ್ಲಿಷಿನಲ್ಲಿ ಬೇರೆ ಕ್ರಿಯಾಪದ ಬೇಕಾಗುತ್ತದೆ. ಕನ್ನಡ ‘ಹಳಿ’ ಎಂಬ ಹೆಸರಿನ ಮೇಲೆ ಭಾರ ಹಾಕಿ ಕ್ರಿಯಾಪದವನ್ನು ಹಗುರವಾಗಿ ಇಟ್ಟುಕೊಂಡಿದೆ. ರೈಲು ಬಂದಾಗ ಅದರ ಕಬ್ಬಿಣದ ದಾರಿಗೂ ನಾವು ಹಳಿ ಎಂದೆವು.

ಗಂಟುಗಳದ್ದೂ ಇದೇ ಕತೆ. ಎಳೆದರೆ ಬಿಚ್ಚುವುದು ಜೀರುಗುಣಿಕೆ, ಎಳೆದಷ್ಟೂ ಬಿಗಿಯುವುದು ಉರುಲು, ಬಿಚ್ಚಲಾಗದ್ದು ಕಗ್ಗಂಟು, ಬಿಚ್ಚಬಾರದ್ದು ಬ್ರಹ್ಮಗಂಟು. ಗಂಟು ಬಿಚ್ಚುತ್ತದೋ ಇಲ್ಲವೋ, ಯಾರು ಬಿಚ್ಚಬಹುದು ಎಂಬುದರ ಮೇಲೆ ಈ ವರ್ಗೀಕರಣ ನಿಂತಿದೆ. ದನ ಕಟ್ಟುವವನಿಗೆ ಇದು ಜೀವದ ಪ್ರಶ್ನೆ. ಕೊಟ್ಟಿಗೆಗೆ ಬೆಂಕಿ ಬಿದ್ದಾಗ ಕಣ್ಣಿಗೆ ಜೀರುಗುಣಿಕೆ ಹಾಕಿದವನ ಎತ್ತು ಉಳಿಯುತ್ತದೆ.

ಕ್ರಿಯಾಪದಗಳೂ ಮೂರೇ ಇಲ್ಲ. ಮಗುವನ್ನು ಎದೆಗೆ ಅವುಚಿಕೊಳ್ಳುತ್ತೇವೆ, ಮರವನ್ನು ತಬ್ಬುತ್ತೇವೆ, ಮಣಿಯನ್ನು ಪೋಣಿಸುತ್ತೇವೆ, ಚಾಪೆ ಹೆಣೆಯುತ್ತೇವೆ, ಎತ್ತು ಹೂಡುತ್ತೇವೆ, ಹೂವನ್ನು ಮುಡಿಗೆ ಸಿಕ್ಕಿಸುತ್ತೇವೆ, ಲೋಹ ಬೆಸೆಯುತ್ತೇವೆ. ಮರೆ ಕಿತ್ತುಹೋದ ಬೋಲ್ಟನ್ನು ತಿರುಗಿಸುತ್ತ ಮೆಕ್ಯಾನಿಕ್ ಹುಡುಗ ‘ಕಚ್ತಾ ಇಲ್ಲ ಕಣಣ್ಣ’ ಎನ್ನುತ್ತಾನೆ. ‘ಹಿಡಿ’ಯೊಂದೇ ಸಾಕು, ಬೇಕಾದರೆ ಮದ್ದೂರು ತಾಲೂಕಿನ ಆತಕೂರಿನ ವೀರಗಲ್ಲು ನೋಡಿ. 10ನೆಯ ಶತಮಾನದ, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲು ಅದು. ಕಾಳಿ ಎಂಬ ಬೇಟೆನಾಯಿ ದೊಡ್ಡ ಕಾಡುಹಂದಿಯ ಮೇಲೆ ಬಿದ್ದು, ಎರಡೂ ಒಂದನ್ನೊಂದು ಕೊಂದದ್ದರ ನೆನಪಿಗೆ ಅದನ್ನು ನಿಲ್ಲಿಸಿದರು. ಕಲ್ಲಿನ ಮೇಲೆ ನಾಯಿ, ಹಂದಿ ಇನ್ನೂ ಬಿಟ್ಟುಕೊಟ್ಟಿಲ್ಲ. ಈ ಹಿಡಿತಕ್ಕೆ ಗ್ರಿಪ್ ಎನ್ನಬೇಕೋ ಕ್ಲಿಂಚ್ ಎನ್ನಬೇಕೋ ಎಂದು ಇಂಗ್ಲಿಷ್ ಓದಿದವರು ಚರ್ಚಿಸಲಿ.

ಹೀಗೆಂದು ಏನೂ ಕಳೆದುಹೋಗಿಲ್ಲ ಎಂದು ನಾನು ಹೇಳಲಾರೆ. ‘ಇಗೋ ಕನ್ನಡ’ ಅಂಕಣದ ಮೂಲಕ ಮನೆಮಾತಾದ, ಹೆಸರಿನ ಮುಂದೆಯೇ ಶ್ರೀರಂಗಪಟ್ಟಣದ ಗಂಜಾಂ ಅನ್ನು ಹೊತ್ತಿದ್ದ ಜಿ. ವೆಂಕಟಸುಬ್ಬಯ್ಯನವರು ಎರವಲು ಪದಗಳಿಗಾಗಿಯೇ ಒಂದು ಕೋಶ ಮಾಡಿದರು. ಅವರ ಕೋಶಕ್ಕೆ ನನ್ನದೊಂದು ಪುಟ್ಟ ಅಡಿಟಿಪ್ಪಣಿ ಇದೆ. ಎರವಲು ಬಂದ ಪದದಿಂದ ಆಗುವ ನಷ್ಟ ಕ್ರಿಯಾಪದಕ್ಕಲ್ಲ, ಸುತ್ತಲಿನ ಸಣ್ಣ ನಾಮಪದಗಳಿಗೆ. ‘ಟೈಟ್ ಮಾಡು’ ಬಂದರೂ ‘ಬಿಗಿ’ ಸಾಯಲಿಲ್ಲ. ಪೊಲೀಸ್ ಬಂದೋಬಸ್ತು ಇಂದಿಗೂ ‘ಬಿಗಿ’, ಮೇಷ್ಟರ ಹಿಡಿತವೂ ‘ಬಿಗಿ’. ಆದರೆ ಪ್ಲಾಸ್ಟಿಕ್ ಹಗ್ಗ ಬಂದ ಮೇಲೆ ಮಿಣಿ, ಕಣ್ಣಿ, ಜೊತ್ತಿಗೆ ಎಲ್ಲವೂ ‘ಹಗ್ಗ’ ಆದವು. ಕಬ್ಬು ಕಡಿಯುವವರು ಇನ್ನೂ ಕಬ್ಬಿನ ಸೋಗೆಯನ್ನೇ ಹೊಸೆದು ಕಟ್ಟು ಕಟ್ಟುತ್ತಾರೆ ಎಂಬುದು ಸಮಾಧಾನ. ಅದು ಪುಕ್ಕಟೆ ಸಿಗುತ್ತದೆ ಎಂಬುದೇ ಕಾರಣವಿರಬಹುದು. ಬೆಳಗಿನ ಬಸ್ಸಿನಲ್ಲಿ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳ ಮಾತಿನಲ್ಲಿ ಹೊಸ ನಾಮಪದಗಳು ಹುಟ್ಟುತ್ತಿವೆ: ಬಾರ್‌ಟ್ಯಾಕು, ಓವರ್‌ಲಾಕು, ಲೂಪು. ಜೇಬಿನ ಮೂಲೆ ಕಿತ್ತುಬರದಂತೆ ಒತ್ತೊತ್ತಾಗಿ ಹಾಕುವ ಹೊಲಿಗೆಯೇ ಬಾರ್‌ಟ್ಯಾಕು. ಅವರು ಅದನ್ನು ‘ಹಾಕು’ತ್ತಾರೆ, ‘ಹೊಡಿ’ಯುತ್ತಾರೆ. ಯಾವ ನಿಘಂಟಿನವರೂ ಇನ್ನೂ ಆ ಬಸ್ಸು ಹತ್ತಿದಂತಿಲ್ಲ. ಹತ್ತಬೇಕು ಎಂಬುದು ನನ್ನ ಆಸೆ. ಆ ಪದಗಳು ಕನ್ನಡ ಅಲ್ಲ ಎನ್ನುವವರ ಜೊತೆ ಜಗಳಕ್ಕೂ ಸಿದ್ಧ.

ಕಳೆದ ಸುಗ್ಗಿಯಲ್ಲಿ ಗೆಜ್ಜಲಗೆರೆಯ ಹತ್ತಿರ ಕಬ್ಬು ತುಂಬಿದ ಟ್ರ್ಯಾಕ್ಟರ್ ಒಂದನ್ನು ನಿಲ್ಲಿಸಿಕೊಂಡು ಮಾತಾಡಿಸಿದೆ. ಇಂಜಿನ್ನಿಗೂ ಟ್ರೈಲರಿಗೂ ನಡುವೆ ಇರುವುದು ಒಂದೇ ಒಂದು ಕಬ್ಬಿಣದ ಸರಳು. ಅದು ಜಿಗಿದರೆ ಟನ್ನುಗಟ್ಟಲೆ ಕಬ್ಬು ಹಿಂದೆ ಬರುವ ಬೈಕಿನವನ ಮೇಲೆ. ಅದಕ್ಕೇನು ಹೆಸರು ಎಂದು ಕೇಳಿದೆ. ಡ್ರೈವರ್ ಹುಡುಗ ‘ಪಿನ್ನು’ ಎಂದ. ಜೊತೆಗಿದ್ದ, ಹಿಂದೆ ಗಾಡಿ ಹೊಡೆಯುತ್ತಿದ್ದ ಹಿರಿಯರು ‘ಕಡಾಣಿ’ ಎಂದರು. ಹುಡುಗ ನಕ್ಕ. ಹಿರಿಯರು ಬಗ್ಗಿ ಸರಳನ್ನು ಅಲ್ಲಾಡಿಸಿ ನೋಡಿ, ಅದರ ತುದಿಗೆ ಸುತ್ತಿದ್ದ ತಂತಿ ತೋರಿಸಿ, ‘ಒಸಿ ಬಿಗಿಲಾ ಇದ’ ಎಂದರು. ಹುಡುಗ ಇಕ್ಕಳ ತೆಗೆದುಕೊಂಡು ಇಳಿದ.